ಗರ್ಭಕೋಶ ತೆಗೆಯಲು ಇಷ್ಟು ಅವಸರ ಯಾಕೆ?

ನಮಸ್ಕಾರ. ನೀವು ಕಳಿಸಿದ ಕತೆ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ.

ಸಹಜ ಹೆರಿಗೆ ಆಗುತ್ತದೆ, ಮಗು ಅಳುತ್ತದೆ, ತಾಯಿಗೆ ರಕ್ತ ನಿಲ್ಲುವುದಿಲ್ಲ. ಮುಂದಿನ ಪ್ಯಾರಾದಲ್ಲೇ ಡಾಕ್ಟರ್ ಹೊರಗೆ ಬಂದು ‘ಗರ್ಭಕೋಶ ತೆಗೀಬೇಕು’ ಅನ್ನುತ್ತಾರೆ. ಆಮೇಲೆ ಆರು ಪುಟ ಗಂಡನ ಗೋಳು. ನಡುವೆ ‘ತಾಯಿ, ಮಗು ಇಬ್ಬರಲ್ಲಿ ಒಬ್ಬರನ್ನೇ ಉಳಿಸಬಹುದು’ ಅಂತ ಬೇರೆ ಹೇಳಿಸಿದ್ದೀರಿ. ಮಗು ಮೊದಲ ಪುಟದಲ್ಲೇ ಹುಟ್ಟಿ ಆಯ್ತಲ್ವಾ?

ನಿಜವಾದ ಕತೆ ಇರುವುದು ನೀವು ಹಾರಿಸಿಬಿಟ್ಟ ಜಾಗದಲ್ಲಿ. ಜಾಸ್ತಿ ಸಲ ರಕ್ತ ಹರಿಯುವುದು ಗರ್ಭಕೋಶ ಬಿಗಿಯಾಗದೆ ಸಡಿಲವಾಗಿ ಉಳಿಯುವುದರಿಂದ. ಮೊದಲು ಗರ್ಭಕೋಶ ಬಿಗಿಮಾಡುವ ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತಾರೆ, ಹೊಟ್ಟೆ ತಿಕ್ಕುತ್ತಾರೆ. ಮಾಸಿನ ಚೂರು ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ ಅಂತ ಹುಡುಕುತ್ತಾರೆ. ಆಗಲೂ ನಿಲ್ಲದಿದ್ದರೆ ಗರ್ಭಕೋಶದ ಒಳಗೆ ಬಲೂನ್ ಇಟ್ಟು ನೀರು ತುಂಬಿ ಒತ್ತಡ ಕೊಡುತ್ತಾರೆ. ಅದೂ ಸೋತರೆ ಹೊಟ್ಟೆ ತೆರೆಯುವುದು.

ಇಲ್ಲಿ ನಿಧಾನಿಸಿ. ಸರ್ಜನ್ ಗರ್ಭಕೋಶವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡುತ್ತಾರೆ. ಇನ್ನೊಬ್ಬರು ಕಾಲಿನ ಕಡೆ ನಿಂತು, ರಕ್ತ ಇನ್ನೂ ಹರಿದು ಬರುತ್ತಿದೆಯಾ ಅಂತ ನೋಡುತ್ತಾರೆ. ‘ನಿಂತಿದೆ ಮೇಡಂ’ ಅಂದರೆ, ಹಾಗೇ ಬಿಗಿದು ಹಿಡಿಯುವ ಹೊಲಿಗೆಯಿಂದಲೂ ನಿಲ್ಲುವ ಆಸೆ ಉಂಟು. ಶಾಲಾ ಚೀಲದ ಪಟ್ಟಿಗಳ ಹಾಗೆ ದಾರವನ್ನು ಗರ್ಭಕೋಶದ ಮೇಲಿಂದ ಹಾಯಿಸಿ, ಬಿಗಿದು ಕಟ್ಟುತ್ತಾರೆ. ಹೆರಿಗೆ ಡಾಕ್ಟರ್ ಕ್ರಿಸ್ಟೋಫರ್ ಬಿ-ಲಿಂಚ್ 1997ರಲ್ಲಿ ಪ್ರಕಟಿಸಿದ ಹೊಲಿಗೆ ಇದು. ಗರ್ಭಕೋಶ ಉಳಿಯುತ್ತದೆ, ಇನ್ನೊಮ್ಮೆ ಬಸಿರಾಗುವ ದಾರಿಯೂ ಉಳಿಯುತ್ತದೆ. ಜೊತೆಗೆ ಗರ್ಭಕೋಶಕ್ಕೆ ಬರುವ ರಕ್ತನಾಳ ಕಟ್ಟುವುದೂ ಇದೆ. ಇನ್ನೂ ಆಳದ ನಾಳಕ್ಕೆ ಕೈಹಾಕಿದರೆ ಪಕ್ಕದ ಮೂತ್ರನಾಳಕ್ಕೆ ಪೆಟ್ಟಾಗುವ ಭಯ.

ಗರ್ಭಕೋಶ ತೆಗೆಯುವುದು ಕೊನೆಗೆ. ಆದರೆ ‘ಇನ್ನೊಂದು ಹೊಲಿಗೆ ನೋಡೋಣ’ ಅಂತ ತಡಮಾಡಿದರೂ ತಾಯಿ ಸಾಯಬಹುದು. ತುಂಬು ತಿಂಗಳಲ್ಲಿ ಆ ಅಂಗಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ನಿಮ್ಮ ಡಾಕ್ಟರಿಗೆ ಈ ಇಕ್ಕಟ್ಟೇ ಇಲ್ಲ. ಸುಮ್ನೆ ತೀರ್ಪು ಹೇಳಿ ಒಳಗೆ ಹೋಗುತ್ತಾರೆ. ಮಾಸು ಗರ್ಭಕೋಶದ ಗೋಡೆಗೇ ಬೇರುಬಿಟ್ಟ ಕೇಸಾದರೆ ನೇರವಾಗಿ ತೆಗೆಯುವುದೂ ಉಂಟು. ನಿಮ್ಮ ಮನಸ್ಸಿನಲ್ಲಿ ಅದಿದ್ದರೆ ಕತೆಯಲ್ಲಿ ಹೇಳಬೇಕಿತ್ತು.

ನಿಮ್ಮ ಮಾತುಕತೆ ಚೆನ್ನಾಗಿದೆ. ನರ್ಸ್ ನೆನೆದ ಬಟ್ಟೆಗಳನ್ನು ತೂಕ ಹಾಕುವ ಸಾಲು ಬಹಳ ಹಿಡಿಸಿತು. ಹೋದ ರಕ್ತ ಅಳೆಯುವುದು ಹಾಗೇ. ಅದನ್ನು ಮುಟ್ಟಬೇಡಿ. ಗಂಡನ ಅಳು ಎರಡು ಪ್ಯಾರಾಕ್ಕೆ ಇಳಿಸಿ. ತಿದ್ದಿದ ಮೇಲೆ ಹೆರಿಗೆ ಮಾಡಿಸುವ ಡಾಕ್ಟರೊಬ್ಬರಿಗೆ ಓದಲು ಕೊಟ್ಟು, ಆಮೇಲೆ ನನಗೆ ಕಳಿಸಿ.