ಆಟಿಸಂ ಇರುವ ಹುಡುಗ ನನ್ನ ತರಗತಿಗೆ ಬರುತ್ತಿದ್ದಾನೆ, ಎಲ್ಲಿಂದ ಶುರು ಮಾಡಲಿ?

ಮುಂದಿನ ತಿಂಗಳು ನಿಮ್ಮ ಮೂರನೇ ತರಗತಿಗೆ ಆಟಿಸಂ ಇರುವ ಹುಡುಗ ಸೇರುತ್ತಿದ್ದಾನೆ, ನಿಮಗೆ ತರಬೇತಿ ಆಗಿಲ್ಲ, ಉಳಿದ ಮಕ್ಕಳ ಪಾಠ ಹಾಳಾಗುತ್ತದೇನೋ ಅಂತ ಕೇಳಿದ್ದೀರಿ. ನಾನೂ ಟೀಚರ್. ಮೊದಲ ಸಲ ಇದೇ ಭಯದಲ್ಲಿ ರಾತ್ರಿ ನಿದ್ದೆ ಬಂದಿರಲಿಲ್ಲ.

ಅವನ ಆಟಿಸಂ ಬಗ್ಗೆ ಬರೆದ ರಿಪೋರ್ಟ್ ಓದುವ ಮೊದಲು ಅವನ ಅಪ್ಪ ಅಮ್ಮನ ಜೊತೆ ಒಂದು ಗಂಟೆ ಕೂತುಕೊಳ್ಳಿ. ಅವನಿಗೆ ಏನು ಇಷ್ಟ, ಯಾವ ಸದ್ದು ಆಗುವುದಿಲ್ಲ, ಸಂಕಟವಾದರೆ ಹೇಗೆ ತೋರಿಸುತ್ತಾನೆ ಅಂತ ಕೇಳಿ. ಆಟಿಸಂ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಒಬ್ಬ ಸಣ್ಣ ಸದ್ದಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ, ಇನ್ನೊಬ್ಬ ದಿನವಿಡೀ ತಾನೇ ಗುನುಗುತ್ತಿರುತ್ತಾನೆ.

ನನ್ನ ತರಗತಿಯ ಹುಡುಗ ದಿನಾ ಮೂರನೇ ಪೀರಿಯಡ್ ಮುಗಿಯುವ ಹೊತ್ತಿಗೆ ಡೆಸ್ಕ್ ಕೆಳಗೆ ಹೋಗಿ ಕೂರುತ್ತಿದ್ದ. ಹಠ ಅಂದುಕೊಂಡೆ. ಮೂರು ವಾರ ಹಾಗೇ ಹೋಯಿತು. ಆಮೇಲೆ ಹೊಳೆಯಿತು: ಆಟದ ಬೆಲ್ ಇದ್ದದ್ದು ನಮ್ಮ ಬಾಗಿಲ ಪಕ್ಕದ ಗೋಡೆಯಲ್ಲೇ. ಅದು ಯಾವ ಕ್ಷಣದಲ್ಲಿ ಹೊಡೆಯುತ್ತದೋ ಅಂತ ಆ ಮಗು ಬೆಳಗಿನಿಂದ ಕಾಯುತ್ತಿತ್ತು. ಅವನ ಜಾಗವನ್ನು ಬಾಗಿಲಿಂದ ದೂರದ ಮೂಲೆಗೆ ಬದಲಿಸಿದೆ. ಉದ್ದನೆಯ ರಟ್ಟಿನ ಮೇಲೆ ಚಿತ್ರದ ಚೀಟಿಗಳನ್ನು ಸಾಲಾಗಿ ಸಿಕ್ಕಿಸಿದೆ: ಓದು, ಲೆಕ್ಕ, ಬೆಲ್, ಆಟ. ಒಂದೊಂದು ಮುಗಿದ ಹಾಗೆ ಅವನೇ ಚೀಟಿ ಮಗುಚುತ್ತಿದ್ದ. "ಇನ್ನು ಎರಡು ನಿಮಿಷಕ್ಕೆ ಬೆಲ್ ಕಣೋ" ಅಂದರೆ ಕಿವಿ ಮುಚ್ಚಿಕೊಂಡು ಕಾಯುವನು, ಹೊಡೆದ ಮೇಲೆ ಕೈ ತೆಗೆದು ಚೀಟಿ ಮಗುಚುವನು. ಕೆಲವು ದಿನ ಆಗಲೂ ಡೆಸ್ಕ್ ಕೆಳಗೆ ಹೋದದ್ದುಂಟು. ಆದರೆ ದಿನಾ ಅಲ್ಲ.

ಉಳಿದ ಮಕ್ಕಳು? "ಮಿಸ್, ಮುಂದೇನು, ಮುಂದೇನು" ಅಂತ ಜೀವ ತಿನ್ನುತ್ತಿದ್ದ ಇಬ್ಬರು ಅವನ ರಟ್ಟನ್ನು ಇಣುಕಿ ನೋಡತೊಡಗಿದರು. ಕೊನೆಗೆ ಎಲ್ಲರಿಗೂ ಕಾಣುವ ಹಾಗೆ ದೊಡ್ಡದೊಂದನ್ನು ಬೋರ್ಡಿನ ಪಕ್ಕ ತೂಗುಹಾಕಿದೆ. ಅವರ ಪಾಠ ಹಾಳಾಗಲಿಲ್ಲ.

ನಾನು ಜಾಸ್ತಿ ಎಡವಿದ್ದು ಬೇರೆ ಕಡೆ. ಅವನಿಗಾಗಿ ಸಹಾಯಕಿಯೊಬ್ಬರನ್ನು ಕೊಟ್ಟಿದ್ದರು. ತುಂಬಾ ಒಳ್ಳೆಯವರು. ಇಡೀ ದಿನ ಅವನಿಗೆ ಅಂಟಿಕೊಂಡೇ ಕೂರುತ್ತಿದ್ದರು. ಒಂದು ದಿನ ಒಬ್ಬಳು ಹುಡುಗಿ ಅವನ ಎದುರೇ ನಿಂತು "ಆಂಟಿ, ಇವನಿಗೆ ಪೆನ್ಸಿಲ್ ಬೇಕಾ?" ಅಂತ ಅವರನ್ನು ಕೇಳಿದಳು. ಅರ್ಧ ವರ್ಷ ಕಳೆದಿತ್ತು, ಅವನ ಜೊತೆ ನೇರವಾಗಿ ಒಂದು ಮಗುವೂ ಮಾತಾಡಿರಲಿಲ್ಲ.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ದೇಶಗಳ ಸರ್ಕಾರಗಳ ಪ್ರತಿನಿಧಿಗಳು ಸೇರಿ, ಇಂಥ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕು ಎಂದರು. 2006ರಲ್ಲಿ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದ ಬಂತು. ಅದನ್ನು ನೋಡಿಕೊಳ್ಳುವ ಸಮಿತಿ 2016ರಲ್ಲಿ ಇನ್ನೊಂದು ಮಾತು ಬಿಡಿಸಿ ಹೇಳಿತು: ಪಾಠದ ರೀತಿ ಬದಲಿಸದೆ ಮಗುವನ್ನು ಸುಮ್ನೆ ತಂದು ಕೂರಿಸಿದರೆ ಅದು ಒಳಗೊಳ್ಳುವಿಕೆ, ಅಂದರೆ ಎಲ್ಲರ ಜೊತೆ ನಿಜವಾಗಿ ಸೇರಿಸಿಕೊಂಡು ಕಲಿಸುವುದು, ಅಲ್ಲ. ಅಂದರೆ ನಾನು ಅಷ್ಟು ದಿನ ಮಾಡಿದ್ದು ಕೂರಿಸುವ ಕೆಲಸ ಮಾತ್ರ, ಅಲ್ವಾ?

ಸಹಾಯಕಿಗೆ ಎಲ್ಲ ಮಕ್ಕಳ ನಡುವೆ ಓಡಾಡಲು ಹೇಳಿದೆ. ಕಷ್ಟವಾದಾಗ ಮಾತ್ರ ಅವನ ಹತ್ತಿರ. ಅವನಿಗೆ ಹೆಸರು ಓದುವುದು, ಜೋಡಿಸುವುದು ಅಂದರೆ ಪ್ರಾಣ. ಹಾಗಾಗಿ ನೋಟ್‌ಬುಕ್ ಹಂಚುವ ಕೆಲಸ ಅವನದಾಯಿತು.

ನೀವೂ ಒಬ್ಬರೇ ಎಲ್ಲ ಹೊರಬೇಡಿ. ವಿಶೇಷ ಶಿಕ್ಷಕರು ವಾರಕ್ಕೊಮ್ಮೆಯಾದರೂ ಬರುವ ಏರ್ಪಾಡು ಮಾಡಿ ಅಂತ ಹೆಡ್‌ಮಾಸ್ಟರನ್ನು ಈಗಲೇ ಕೇಳಿ. ಅವನು ಸೇರುವ ಮುಂಚೆ ಒಂದು ದಿನ ಖಾಲಿ ತರಗತಿಗೆ ಕರೆಸಿ, ತನ್ನ ಜಾಗ ನೋಡಿಕೊಂಡು ಹೋಗಲಿ.

ನೋಟ್‌ಬುಕ್ ಹಂಚಲು ಶುರುವಾದ ನಾಲ್ಕನೇ ದಿನವೋ ಐದನೇ ದಿನವೋ, ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಏಯ್, ನಂದೆಲ್ಲೋ? ಬೇಗ ಕೊಡೋ!" ಅವನು ತಿರುಗಿ ನೋಡಿ, "ನಿಂದು ಕೆಳಗಿದೆ, ಇರು" ಅಂದ.