ಗೆಲ್ಲಿಸಿದ ಮ್ಯಾನೇಜರ್‌ಗೂ ಬೀಳ್ಕೊಡುಗೆ ಏಕೆ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಋತು ಮುಗಿಯುತ್ತಲೇ, ಚೆನ್ನಾಗಿ ಆಡಿದ ತಂಡದ ಮ್ಯಾನೇಜರ್‌ನನ್ನೂ ಕೈಬಿಡುವುದು ಏಕೆ?

ಉತ್ತರ: 2003ರಲ್ಲಿ 95 ಪಂದ್ಯ ಗೆದ್ದ ಬೋಸ್ಟನ್ ರೆಡ್ ಸಾಕ್ಸ್ ತಂಡದ ಮ್ಯಾನೇಜರ್ (ಪಂದ್ಯದ ವೇಳೆ ತಂಡವನ್ನು ನಡೆಸುವ ಮುಖ್ಯ ತರಬೇತುದಾರ) ಗ್ರೇಡಿ ಲಿಟಲ್ ಅವರನ್ನೇ ನೋಡಿ. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಗೆ ಹೋಗುವವರು ಯಾರೆಂದು ತೀರ್ಮಾನಿಸುವ ಸರಣಿಯಲ್ಲಿ, ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಏಳನೆಯ, ನಿರ್ಣಾಯಕ ಪಂದ್ಯದ ಎಂಟನೆಯ ಇನ್ನಿಂಗ್ಸ್‌ನಲ್ಲಿ, ನೂರಕ್ಕೂ ಹೆಚ್ಚು ಎಸೆತ ಎಸೆದು ದಣಿದಿದ್ದ ತಮ್ಮ ಎಸೆತಗಾರ ಪೆಡ್ರೊ ಮಾರ್ಟಿನೆಜ್ ಬಳಿಗೆ ನಡೆದುಹೋದ ಲಿಟಲ್, ಅವರೊಡನೆ ಮಾತನಾಡಿ, ಅವರನ್ನು ಬದಲಿಸದೆ ಹಿಂದಿರುಗಿದರು; 5-2ರ ಮುನ್ನಡೆ ಅಲ್ಲಿಯೇ ಕರಗಿತು, 11ನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೊಡೆತಕ್ಕೆ ಪಂದ್ಯವೂ ಹೋಯಿತು. ಅದೇ ತಿಂಗಳು ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಅಂಕಿಅಂಶಗಳನ್ನು ನಂಬಿದ್ದ ತಂಡದ ಜನರಲ್ ಮ್ಯಾನೇಜರ್ (ಆಟಗಾರರ ಆಯ್ಕೆ, ಒಪ್ಪಂದ ನೋಡಿಕೊಳ್ಳುವ ಅಧಿಕಾರಿ) ಥಿಯೊ ಎಪ್‌ಸ್ಟೈನ್ ಅವರ ಆಡಳಿತಕ್ಕೂ ಅನುಭವವನ್ನು ನೆಚ್ಚಿದ್ದ ಲಿಟಲ್‌ಗೂ ಹೊಂದಾಣಿಕೆಯಿರಲಿಲ್ಲವೆಂಬುದೇ ನಿಜವಾದ ಕಾರಣ ಎಂದು ನನ್ನ ಭಾವನೆ. ಆದರೂ ತನ್ನ ಶ್ರೇಷ್ಠ ಎಸೆತಗಾರನನ್ನು ನಂಬಿದವರ ಬಗ್ಗೆ ನನಗೆ ಮರುಕವಿದೆ. ಬದಲಿಗೆ ಬಂದ ಟೆರಿ ಫ್ರಾಂಕೋನಾ ಮರುವರ್ಷವೇ, 1918ರ ನಂತರ ಮೊದಲ ಬಾರಿಗೆ, ಬೋಸ್ಟನ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು.