ಅದಿರು ನಮ್ಮದು, ದರ ದೆಹಲಿಯದು: ಯಾಕೆ ಹೀಗೆ?

ಪ್ರಶ್ನೆ: ನಮ್ಮದು ಸಂಡೂರು ತಾಲ್ಲೂಕು. ಹಗಲೂ ರಾತ್ರಿ ಅದಿರಿನ ಲಾರಿಗಳು ಊರ ಮುಂದೆಯೇ ಹೋಗುತ್ತವೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಯೂ ಕೆಂಪಾಗುತ್ತದೆ. ಗಣಿ ಗುತ್ತಿಗೆ ಕೊಡುವುದು ಬೆಂಗಳೂರು, ರಾಜಧನದ (ಅದಿರು ತೆಗೆದದ್ದಕ್ಕೆ ಕಟ್ಟುವ ರಾಯಲ್ಟಿಯ) ದರ ನಿಗದಿ ಮಾಡುವುದು ದೆಹಲಿ ಎನ್ನುತ್ತಾರೆ. ಮಗಳು ಗ್ರಂಥಾಲಯದಿಂದ ತಂದ ಸಂವಿಧಾನದ ಪುಸ್ತಕದಲ್ಲಿ ‘ಗಣಿ’ ಎಂಬುದು ಕೇಂದ್ರ ಪಟ್ಟಿಯಲ್ಲೂ ಇದೆ, ರಾಜ್ಯ ಪಟ್ಟಿಯಲ್ಲೂ ಇದೆ. ಹಾಗಾದರೆ ಗಣಿ ಯಾರದು? 2024ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಏನಾದರೂ ಬದಲಾಯಿತೇ?

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಓದಿದ್ದಾಳೆ, ಅದು ಅಚ್ಚಿನ ತಪ್ಪಲ್ಲ. ಸಂವಿಧಾನದ ಏಳನೇ ಅನುಸೂಚಿಯ ಪಟ್ಟಿಗಳನ್ನು ಶಾಲೆಯಲ್ಲಿ ನಾವೆಲ್ಲ ಅಣ್ಣತಮ್ಮಂದಿರ ವಿಭಾಗಪತ್ರದ ಹಾಗೆ ಕಲಿತಿರುತ್ತೇವೆ. ರಕ್ಷಣೆ, ರೈಲು, ನಾಣ್ಯ ಕೇಂದ್ರಕ್ಕೆ, ಪೊಲೀಸ್, ಭೂಮಿ, ಕೃಷಿ ರಾಜ್ಯಕ್ಕೆ, ಕೆಲವು ಇಬ್ಬರಿಗೂ. ಆದರೆ ವಿಭಾಗಪತ್ರ ಬರೆದು ಪಳಗಿದವರನ್ನು ಕೇಳಿ ನೋಡಿ. ಹೊಲ ಹಂಚುವಾಗ ಆಗದ ಜಗಳ, ‘ಬಾವಿಯ ನೀರು ಹಿರಿಯವನ ಅಗತ್ಯಕ್ಕೆ ಒಳಪಟ್ಟು ಕಿರಿಯವನಿಗೂ ಸಲ್ಲತಕ್ಕದ್ದು’ ಎಂಬ ಸಾಲಿನಲ್ಲಿ ಆಗುತ್ತದೆ. ನಮ್ಮ ಒಕ್ಕೂಟ ವ್ಯವಸ್ಥೆಯ ಅರ್ಧ ವ್ಯಾಜ್ಯಗಳು ‘ಒಳಪಟ್ಟು’ ಎಂಬ ಆ ಒಂದು ಪದದವು.

ರಾಜ್ಯ ಪಟ್ಟಿಯ 23ನೇ ನಮೂದು ಗಣಿಗಳ ನಿಯಂತ್ರಣ ಮತ್ತು ಖನಿಜ ಅಭಿವೃದ್ಧಿಯನ್ನು ರಾಜ್ಯಕ್ಕೆ ಕೊಡುತ್ತದೆ. ಆದರೆ ಕೇಂದ್ರ ಪಟ್ಟಿಯಲ್ಲಿ ಇದೇ ವಿಷಯಕ್ಕೆ ಇರುವ ಅಧಿಕಾರಕ್ಕೆ ಒಳಪಟ್ಟು. ಅತ್ತ ಕೇಂದ್ರ ಪಟ್ಟಿಯ 54ನೇ ನಮೂದಿನ ಪ್ರಕಾರ, ಸಾರ್ವಜನಿಕ ಹಿತಕ್ಕಾಗಿ ಇದು ಒಕ್ಕೂಟದ ಹತೋಟಿಯಲ್ಲಿರಬೇಕೆಂದು ಸಂಸತ್ತು ಕಾನೂನಿನ ಮೂಲಕ ಘೋಷಿಸಿದರೆ, ಘೋಷಿಸಿದಷ್ಟರ ಮಟ್ಟಿಗೆ ಅಧಿಕಾರ ಅದರದು. 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ ಎರಡನೇ ಸೆಕ್ಷನ್ ಆ ಘೋಷಣೆ. ಒಂದೇ ಒಂದು ವಾಕ್ಯ. ಸಂವಿಧಾನಕ್ಕೆ ತಿದ್ದುಪಡಿ ಬೇಕಾಗಲಿಲ್ಲ, ರಾಜ್ಯಗಳ ಒಪ್ಪಿಗೆಯೂ ಬೇಕಾಗಲಿಲ್ಲ.

ನಿಮ್ಮ ಊರ ಮುಂದಿನ ಲಾರಿಗಳನ್ನೇ ನೋಡಿ. ಒಂದರಲ್ಲಿ ಕಬ್ಬಿಣದ ಅದಿರು, ಹಿಂದಿನದರಲ್ಲಿ ಕ್ರಷರಿನ ಜಲ್ಲಿ. ಅದಿರಿಗೆ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ಆ ದರ ಕೇಂದ್ರದ್ದು, ತಿಂಗಳು ತಿಂಗಳು ಸರಾಸರಿ ಬೆಲೆ ಪ್ರಕಟಿಸುವುದೂ ಕೇಂದ್ರದ ಭಾರತೀಯ ಗಣಿ ಬ್ಯೂರೋ. ಜಲ್ಲಿ, ಮರಳು, ಕಟ್ಟಡದ ಕಲ್ಲು ‘ಉಪಖನಿಜ’. ಅವುಗಳ ನಿಯಮ ಮಾಡುವುದನ್ನು ಅದೇ 1957ರ ಕಾಯ್ದೆ ರಾಜ್ಯಗಳಿಗೆ ಬಿಟ್ಟಿದೆ, ಆದ್ದರಿಂದ ಜಲ್ಲಿಯ ದರ ಬೆಂಗಳೂರಿನದು. ಎರಡೂ ಲಾರಿಗಳ ಪರ್ಮಿಟ್ ಕೊಡುವುದು ಮಾತ್ರ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯೇ.

ಇಲ್ಲಿ ಬಹಳ ಜನ ಎಡವುತ್ತಾರೆ. ದರ ದೆಹಲಿಯದಾದರೂ ಹಣ ದೆಹಲಿಗೆ ಹೋಗುವುದಿಲ್ಲ. ರಾಜಧನ ಸೇರುವುದು ರಾಜ್ಯದ ಬೊಕ್ಕಸಕ್ಕೆ. 2015ರ ತಿದ್ದುಪಡಿಯ ನಂತರ ಅದಿರಿನ ಗುತ್ತಿಗೆಗಳನ್ನು ಸಾಮಾನ್ಯವಾಗಿ ಹರಾಜು ಹಾಕಬೇಕು, ಹರಾಜು ನಡೆಸುವುದೂ ಪ್ರೀಮಿಯಂ ಪಡೆಯುವುದೂ ರಾಜ್ಯವೇ. ಆದರೆ ಅದಿರಿನ ಬೆಲೆ ಏರಿದ ವರ್ಷ ರಾಜಧನದ ಪ್ರಮಾಣವನ್ನೂ ಏರಿಸೋಣ ಎಂದರೆ ಕೈ ಕಟ್ಟಿದೆ. ಕೇಂದ್ರವೂ ಮೂರು ವರ್ಷದಲ್ಲಿ ಒಂದು ಸಲಕ್ಕಿಂತ ಹೆಚ್ಚು ದರ ಏರಿಸುವಂತಿಲ್ಲ.

ಹಾಗಾದರೆ ರಾಜ್ಯ ಬೇರೆ ತೆರಿಗೆ ಹಾಕಬಹುದಲ್ಲ? ರಾಜ್ಯ ಪಟ್ಟಿಯ 50ನೇ ನಮೂದಿನಲ್ಲಿ ಖನಿಜ ಹಕ್ಕುಗಳ ಮೇಲಿನ ತೆರಿಗೆ ಇದ್ದೇ ಇದೆ. ಇದಕ್ಕೆ ಅಡ್ಡಬಂದದ್ದು 1989ರಲ್ಲಿ ಇಂಡಿಯಾ ಸಿಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ರಾಜಧನವೇ ತೆರಿಗೆ, ಅದರ ಮೇಲೆ ರಾಜ್ಯ ಇನ್ನೊಂದು ಹೇರುವಂತಿಲ್ಲ ಎಂದಿತು. 2004ರಲ್ಲಿ ಐವರ ಪೀಠ ಇದನ್ನು ಪರಿಶೀಲಿಸಿ, ಅಲ್ಲಿ ಟೈಪ್ ಮಾಡುವಾಗ ತಪ್ಪಾಗಿದೆ, ‘ರಾಜಧನದ ಮೇಲಿನ ಸೆಸ್ (ಉಪಕರ) ಒಂದು ತೆರಿಗೆ’ ಎನ್ನುವ ಕಡೆ ‘ರಾಜಧನ ಒಂದು ತೆರಿಗೆ’ ಎಂದಾಗಿದೆ ಎಂದಿತು! ಐವರು ಏಳು ಜನರ ಬರಹ ತಿದ್ದಬಹುದೇ ಎಂಬ ತಕರಾರು ಎದ್ದು, 2011ರಲ್ಲಿ ಪ್ರಕರಣ ಒಂಬತ್ತು ಜನರ ಪೀಠಕ್ಕೆ ಹೋಯಿತು. ಉತ್ತರ ಬರಲು ಮತ್ತೆ ಹದಿಮೂರು ವರ್ಷ ಹಿಡಿಯಿತು.

2024ರ ಜುಲೈ 25ರಂದು ಎಂಟು ನ್ಯಾಯಮೂರ್ತಿಗಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ರಾಜಧನ ಎಂದರೆ ಗೇಣಿ. ಗುತ್ತಿಗೆ ಮಾಡಿಕೊಂಡವನು ಗುತ್ತಿಗೆ ಕೊಟ್ಟವನಿಗೆ, ನೆಲದೊಳಗಿನದನ್ನು ತೆಗೆದುಕೊಂಡದ್ದಕ್ಕಾಗಿ ಕೊಡುವ ಹಣ. ತೆರಿಗೆ ಬೇರೆ. ಹೀಗಾಗಿ ಖನಿಜ ಹಕ್ಕಿನ ಮೇಲೆ, ಖನಿಜವಿರುವ ಭೂಮಿಯ ಮೇಲೆ ರಾಜ್ಯ ತೆರಿಗೆ ಹಾಕಬಹುದು. ಆಗಸ್ಟ್ 14ರ ಆದೇಶದಲ್ಲಿ 2005ರ ಏಪ್ರಿಲ್ 1ರಿಂದ ಈಚಿನ ಬಾಕಿಯನ್ನೂ ರಾಜ್ಯಗಳು ಕೇಳಬಹುದು ಎಂದಿತು. ವಸೂಲಿ 2026ರ ಏಪ್ರಿಲ್‌ನಿಂದ ಹನ್ನೆರಡು ವರ್ಷಗಳ ಕಂತಿನಲ್ಲಿ.

ಭಿನ್ನ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯಕ್ಕೊಂದು ತೆರಿಗೆಯಾದರೆ ಅನಾರೋಗ್ಯಕರ ಪೈಪೋಟಿ ಹುಟ್ಟುತ್ತದೆ, ದೇಶಕ್ಕೆಲ್ಲ ಒಂದೇ ಹದದ ಖನಿಜ ನೀತಿ ಕೆಡುತ್ತದೆ ಎಂಬ ಆತಂಕ ಅವರದು. ನನ್ನ ಒಲವು ಬಹುಮತದ ಕಡೆಗೇ. ದೂಳು ಕುಡಿಯುವ ಊರು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ ಆದಾಯದ ಒಂದು ಹಿಡಿ ತನ್ನ ಕೈಯಲ್ಲಿರಬೇಕು. ಆದರೂ ಅವರ ಆತಂಕವನ್ನು ತಳ್ಳಿಹಾಕಲಾರೆ. ಒಡಿಶಾ ಅಗ್ಗವಾದರೆ ಅದಿರು ಕೊಳ್ಳುವವನು ಬಳ್ಳಾರಿಯ ಮೇಲಿನ ಮಮತೆಯಿಂದ ಇಲ್ಲೇ ನಿಲ್ಲುವುದಿಲ್ಲ.

ಗೆದ್ದೆವು ಎಂದು ಪಟಾಕಿ ಹೊಡೆಯುವ ಮೊದಲು ಆ 50ನೇ ನಮೂದನ್ನು ಪೂರ್ತಿ ಓದಿಸಿ ನಿಮ್ಮ ಮಗಳಿಂದ. ‘ಖನಿಜ ಅಭಿವೃದ್ಧಿಗೆ ಸಂಬಂಧಿಸಿ ಸಂಸತ್ತು ಕಾನೂನಿನಿಂದ ವಿಧಿಸುವ ಮಿತಿಗಳಿಗೆ ಒಳಪಟ್ಟು’ ಎಂಬ ಬಾಲ ಅಲ್ಲೂ ಇದೆ. ಈಗಿನ ಕಾಯ್ದೆಯಲ್ಲಿ ಅಂಥ ಮಿತಿ ಇಲ್ಲ ಎಂದಷ್ಟೇ ನ್ಯಾಯಾಲಯ ಹೇಳಿದ್ದು. ಸಂಸತ್ತು ನಾಳೆ ತಂದರೆ ತರಬಹುದು.

ರಾಜ್ಯದ ಕೈಯಲ್ಲೂ ಒಂದು ಲಗಾಮು ಇದೆ, ಅರಣ್ಯ. 1976ರ 42ನೇ ತಿದ್ದುಪಡಿ ಅದನ್ನು ರಾಜ್ಯ ಪಟ್ಟಿಯಿಂದ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಒಯ್ದಿತು. ಅರಣ್ಯ ಭೂಮಿಯನ್ನು ಗಣಿಗೆ ಕೊಡಲು ಕೇಂದ್ರದ ಒಪ್ಪಿಗೆ ಬೇಕು, ಆದರೆ ಭೂಮಿ ಹಸ್ತಾಂತರಿಸುವ ಕೈ ರಾಜ್ಯದ್ದು. ನಿಮ್ಮದೇ ತಾಲ್ಲೂಕಿನ ದೇವದಾರಿಯ ಕಾಡನ್ನು ಕೇಂದ್ರದ ಉದ್ದಿಮೆಯಾದ ಕೆಐಒಸಿಎಲ್‌ಗೆ ಹಸ್ತಾಂತರಿಸಬೇಡಿ ಎಂದು 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಅಧಿಕಾರಿಗಳಿಗೆ ಸೂಚಿಸಿದ್ದು ನಿಮಗೆ ನೆನಪಿರಬಹುದು.

ಇನ್ನು ಅಂಗಳದ ಬಟ್ಟೆಯ ವಿಷಯ. ವಾಯುಮಾಲಿನ್ಯ ತಡೆ ಕಾಯ್ದೆ ಸಂಸತ್ತಿನದು, 1981ರದು. ದೂರು ಕೊಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ರಸ್ತೆ, ಕುಡಿಯುವ ನೀರು, ಆಸ್ಪತ್ರೆಗೆ ಹಣ ಬೇಕಿದ್ದರೆ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಕೇಳಿ. ಹರಾಜಿನಲ್ಲಿ ಪಡೆದ ಗುತ್ತಿಗೆದಾರರು ರಾಜಧನದ ಶೇ 10ರಷ್ಟನ್ನು, 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಯವರು ಶೇ 30ರಷ್ಟನ್ನು ಅದಕ್ಕೆ ಪ್ರತ್ಯೇಕವಾಗಿ ಕಟ್ಟುತ್ತಾರೆ. ಅರ್ಜಿ ಬರೆಯುವ ಮೊದಲು ನಿಮ್ಮ ಊರು ಗಣಿಬಾಧಿತ ಗ್ರಾಮಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮೊದಲ ಅರ್ಜಿ ಅದಕ್ಕೇ ಇರಲಿ.